ಅಕ್ಕನ ನಾಯಿ ಕರೆಂಟಿಗೆ ಏಳುತ್ತಿತ್ತು

ನಾಯಿ ಕಂದು ಬಣ್ಣದ್ದು ಎಂದು ನಾನು ಬರೆದರೆ ಬಾಷಾ ಒಪ್ಪುವುದಿಲ್ಲ. ಬೂದಿ ಬಣ್ಣ ಎನ್ನುತ್ತಾನೆ. ವರ್ಷಗಟ್ಟಲೆ ಕಣ್ಣೆದುರಿಗೇ ಇದ್ದ ನಾಯಿಯ ಬಣ್ಣದ ವಿಷಯದಲ್ಲೇ ನಮ್ಮಿಬ್ಬರಿಗೆ ಒಮ್ಮತವಿಲ್ಲ ಎಂದಮೇಲೆ, ಆ ನಾಯಿಯನ್ನು ಸಾಕಿದ ಅಕ್ಕನ ಬಗ್ಗೆ ನಾನು ಹೇಳುವುದನ್ನು ಎಷ್ಟು ನಂಬಬೇಕೆಂದು ನೀವೇ ತೀರ್ಮಾನಿಸಿ. ಅಕ್ಕ ಹೋದ ತಿಂಗಳು ತೀರಿಕೊಂಡರು. ತಿಥಿಯ ಊಟದ ಪಂಕ್ತಿಯಲ್ಲಿ ಎಲ್ಲರೂ ಅವರ ಬಗ್ಗೆ ಒಳ್ಳೆಯ ಮಾತನ್ನೇ ಆಡಿದರು. "ಎಷ್ಟು ಶಾಂತ ಸ್ವಭಾವ, ಪಾಪ" ಎಂದೂ ಒಬ್ಬರು ಅಂದರು. ನಾನು ನಗು ಮುಚ್ಚಿಕೊಳ್ಳಲು ನೀರಿನ ಲೋಟ ಎತ್ತಿದೆ. ಇನ್ನು ಸ್ವಲ್ಪ ಕಾಲ ಕಳೆದರೆ ನಾನೂ ಅವರನ್ನು ಶಾಂತ ಸ್ವಭಾವದವರೆಂದೇ ನೆನೆಯುವ ಅಪಾಯವಿದೆ. ಅದಕ್ಕೆ ಮೊದಲು ಇಷ್ಟನ್ನು ಬರೆದುಬಿಡುತ್ತೇನೆ.

ದೊಡ್ಡಬಳ್ಳಾಪುರದಲ್ಲಿ ನಾನಿರುವ ಬಾಡಿಗೆ ಮನೆಗೂ ಅಕ್ಕನ ಮನೆಗೂ ಗೋಡೆ ಒಂದೇ. ಈ ಕಡೆ ನನ್ನ ಮಂಚ, ಆ ಕಡೆ ಅವರ ಎರಡು ಪವರ್‌ಲೂಮ್‌ಗಳು. ಗಂಡ ತೀರಿಕೊಂಡ ಮೇಲೆ ಆ ಎರಡು ಮಗ್ಗಗಳನ್ನು ಅಕ್ಕನೇ ನಡೆಸುತ್ತಿದ್ದರು. ಒಂದರ ಮುಂದೆ ತಾವು ನಿಲ್ಲುತ್ತಿದ್ದರು, ಇನ್ನೊಂದರ ಮುಂದೆ ಬಾಷಾ. ಬಾಷಾ ಅಲ್ಲಿ ಕೆಲಸಕ್ಕೆ ಸೇರಿದಾಗ ಅವನ ಮದುವೆ ಆಗಿರಲಿಲ್ಲ; ಈಗ ಅವನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಅಕ್ಕನನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು, ಅವರಿಗಿಂತ ದೊಡ್ಡವರು ಕೂಡ. ಆ ಗೋಡೆಯ ಪಕ್ಕದಲ್ಲಿ ಮೊದಲ ವಾರ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಕರೆಂಟ್ ಹೋಗಿ ಮಗ್ಗ ನಿಂತರೆ ಎಚ್ಚರವಾಗತೊಡಗಿತು.

ಮಗ್ಗದ ಸದ್ದಿನೊಳಗೆ ಬಾಯಿಮಾತು ನಡೆಯುವುದಿಲ್ಲ. ಆದ್ದರಿಂದ ಅಲ್ಲಿ ಎಲ್ಲವೂ ಕೈಸನ್ನೆ. ಎರಡು ಬೆರಳು ಚಿಟಿಕೆಯಂತೆ ಬೇರೆಯಾದರೆ ಎಳೆ ಹರಿದಿದೆ ಎಂದು. ಹೆಬ್ಬೆರಳು ಬಾಯಿಯತ್ತ ಬಾಗಿದರೆ ಟೀ. ಅಂಗೈ ಮಗುಚಿದರೆ ಸಾಕು, ನಿಲ್ಲಿಸು. ಅಕ್ಕನಿಗೆ ಈ ಭಾಷೆ ಎಷ್ಟು ಒಗ್ಗಿಹೋಗಿತ್ತೆಂದರೆ ಅವರು ಅದನ್ನು ಮನೆಯಲ್ಲಿ ಬಿಟ್ಟು ಹೊರಗೆ ಬರುತ್ತಲೇ ಇರಲಿಲ್ಲ. ಒಮ್ಮೆ ಕಲ್ಯಾಣ ಮಂಟಪದಲ್ಲಿ, ನಡುವೆ ಮುನ್ನೂರು ಜನರಿರುವಾಗ, ಆ ತುದಿಯಿಂದ ನನಗೆ ಸನ್ನೆ ಮಾಡಿದರು: ಪಲ್ಯ ಬೇಡ, ಹಳಸಿದೆ, ಪಾಯಸ ಎರಡು ಸಲ ಹಾಕಿಸಿಕೋ. ನನಗೆ ಅದು ಅಕ್ಷರ ಅಕ್ಷರ ಅರ್ಥವಾಯಿತು. ಹೆಣ್ಣಿನ ಕಡೆಯವರಿಗೂ ಅರ್ಥವಾಯಿತು ಎನ್ನುವುದು ಬೇರೆ ಮಾತು.

ಬಾಯಿಬಿಟ್ಟರೆ ಅರಚಾಟ. ಮಗ್ಗದವರಿಗೆ ಕಿವಿ ಮಂದವಾಗುತ್ತದೆ, ಕಿವಿ ಮಂದವಾದವರ ದನಿ ಏರುತ್ತದೆ. ಅಕ್ಕ ಪಿಸುಗುಟ್ಟಿದರೆ ತಿರುವಿನ ಅಂಗಡಿಯವನು ತಲೆಯೆತ್ತಿ ನೋಡುತ್ತಿದ್ದ. ಅವರ ಗುಟ್ಟುಗಳೆಲ್ಲ ಬೀದಿಗೆ ಗೊತ್ತಿದ್ದದ್ದು ಹಾಗೆ, ಅವರೇ ಗುಟ್ಟಾಗಿ ಹೇಳಿದ್ದರಿಂದ.

ನಾಯಿ ಬಂದದ್ದು ಹೀಗೆ. ಬೀದಿನಾಯಿಗಳ ಕಾಟ ತಡೆಯಲಾಗುತ್ತಿಲ್ಲ ಎಂದು ನಗರಸಭೆಗೆ ದೂರು ಕೊಡಲು ಹೋದ ಅಕ್ಕ ಆಟೋದಲ್ಲಿ ಮಡಿಲ ಮೇಲೆ ನಾಯಿ ಇಟ್ಟುಕೊಂಡು ವಾಪಸು ಬಂದರು. ನಗರಸಭೆಯ ಪಕ್ಕದ ಮೈದಾನದಲ್ಲಿ, ದೇವನಹಳ್ಳಿ ಕಡೆಯ ಒಬ್ಬ ಹುಡುಗಿ, ಗಾಯಗೊಂಡ ನಾಯಿಗಳನ್ನು ಆರೈಕೆ ಮಾಡಿ ಸಾಕುವವರಿಗೆ ಕೊಡುವವಳು, ಅವತ್ತು ಶಾಮಿಯಾನ ಹಾಕಿಸಿದ್ದಳಂತೆ. ಈ ನಾಯಿಗೆ ಎರಡೂ ಕಣ್ಣಿರಲಿಲ್ಲ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಯಾವುದೋ ಗಾಡಿ ಬಡಿದು, ಕಣ್ಣು ಕೀವಾಗಿ, ಡಾಕ್ಟರು ತೆಗೆದು ರೆಪ್ಪೆ ಹೊಲಿದಿದ್ದರು. ನೋಡಿದರೆ ಯಾವಾಗಲೂ ಏನನ್ನೋ ಯೋಚಿಸುತ್ತ ಕಣ್ಣು ಮುಚ್ಚಿದ ಹಾಗೆ ಕಾಣುತ್ತಿತ್ತು.

ಯಾಕೆ ತಂದಿರಿ ಎಂದು ಕೇಳಿದವರಿಗೆ ಅಕ್ಕ ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಟ್ಟರು. ಎದುರುಮನೆಯವರಿಗೆ, "ಕಳ್ಳಕಾಕರ ಕಾಟ."

"ಕಣ್ಣಿಲ್ವಲ್ಲಕ್ಕ ಅದಕ್ಕೆ?"

"ಕಳ್ಳನ್ನ ನೋಡಿ ಏನ್ ಆಗ್ಬೇಕು, ಕಚ್ಚಿದ್ರೆ ಸಾಲ್ದಾ?"

ಬಾಷಾನಿಗೆ, ನೂಲಿಗೆ ಇಲಿ ಬೀಳುತ್ತಿದೆ, ಅದಕ್ಕೆ. ನನಗೆ ಹೇಳಿದ್ದು ಎಲ್ಲಕ್ಕಿಂತ ವಿಚಿತ್ರವಾಗಿತ್ತು: "ನಾಯ್ಗಳೆಲ್ಲ ಬಿಸ್ಲಲ್ಲಿ ಕೂತಿದ್ವು ಕಣಪ್ಪಾ. ಆ ಹುಡ್ಗಿ ಒಂದ್ನಿಮ್ಷ ಹಿಡ್ಕೊಳಿ ಆಂಟಿ ಅಂದ್ಲು. ಹಿಡ್ಕೊಂಡೆ. ಹಂಗೇ ಬಂದ್ಬಿಟ್ಟೆ." ನಾಯಿ ಕದ್ದವರ ಹಾಗೆ ಹೇಳಿದರು. ನಾಲ್ಕನೆಯ ಕಾರಣವೊಂದಿತ್ತು ಎಂದು ನನಗೆ ಅನುಮಾನ. ಆದರೆ ಅದನ್ನು ಅವರು ಹೇಳಲಿಲ್ಲವಾದ್ದರಿಂದ ನಾನೂ ಊಹಿಸಿ ಅವರ ಬಾಯಿಗೆ ತುರುಕುವುದಿಲ್ಲ.

ಹುಡುಗಿ ಮಾರನೆಯ ದಿನ ಮನೆ ನೋಡಲು ಬಂದಳು. ಬಾಗಿಲಲ್ಲೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಮಗ್ಗ ನಿಲ್ಲಿಸಿದ ಮೇಲೆ ಒಳಗೆ ಬಂದು ಕೂತು, "ಆಂಟಿ, ಬೇಜಾರ್ ಮಾಡ್ಕೋಬೇಡಿ. ಇಷ್ಟೊಂದ್ ಸೌಂಡಲ್ಲಿ ಕಣ್ಣಿಲ್ದೇ ಇರೋ ನಾಯಿ ಹೆಂಗಿರತ್ತೆ? ಅವ್ನಿಗೆ ಇರೋದೇ ಕಿವಿ, ಮೂಗು. ಮೊದ್ಲು ತಗೊಂಡೋರು ಹತ್ತೇ ದಿನಕ್ಕೆ ವಾಪಸ್ ಬಿಟ್ಟು ಹೋದ್ರು. ಇನ್ನೊಂದ್ಸಲ ಹಂಗಾದ್ರೆ ಅವ್ನು ತಡ್ಕೊಳಲ್ಲ" ಎಂದಳು.

"ನಾನೇನ್ ಬಿಡ್ತೀನಿ ಅಂದ್ನಾ?"

"ನೀವ್ ಬಿಡಲ್ಲ ಆಂಟಿ. ಅವ್ನು ಹೊಂದ್ಕೋಬೇಕಲ್ಲ? ಹಬ್ಬಕ್ಕೆ ರಜ ಇರತ್ತೆ, ಬಂದ್ ನೋಡ್ತೀನಿ. ಆರಾಮಾಗಿ ಓಡಾಡ್ಕೊಂಡಿದ್ರೆ ನಿಮ್ದೇ. ಮೂಲೇಲಿ ನಡುಗ್ತಾ ಕೂತಿದ್ರೆ ಮಾತ್ರ ಕರ್ಕೊಂಡ್ ಹೋಗ್ತೀನಿ."

ಅವಳು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿ, "ಕರ್ಕೊಂಡ್ ಹೋಗ್ಲಿ, ನಂಗೇನು. ಒಂದ್ ಹೊಟ್ಟೆ ಕಮ್ಮಿ" ಎಂದರು. ಇದನ್ನು ಅವರು ಹೇಳಿದ ಜೋರಿಗೆ, ನಂಬಬಾರದ ಮಾತೆಂದು ಬೀದಿಗೆಲ್ಲ ತಿಳಿಯಿತು. ಹೆಸರಿಡಿ ಎಂದರೆ, "ಹೆಸ್ರಿಟ್ರೆ ಇಟ್ಕೋಬೇಕಾಗತ್ತೆ" ಎಂದು ತಳ್ಳಿಹಾಕಿದರು. ನನ್ನನ್ನು ಕರೆಯುವಂತೆಯೇ ಅದನ್ನೂ "ಏನಪ್ಪಾ" ಎಂದು ಕರೆಯುತ್ತಿದ್ದರು. "ಏನಪ್ಪಾ, ಊಟ ಆಯ್ತಾ?" ಎಂದು ಕೂಗು ಬಂದರೆ ಗೋಡೆಯ ಎರಡೂ ಕಡೆ ತಲೆ ಏಳುತ್ತಿತ್ತು.

ಮೊದಮೊದಲು ಅದು ಊಟವನ್ನೇ ಮಾಡಲಿಲ್ಲ. ಹಳೆಯ ಮಗ್ಗದ ಹಿಂದೆ, ಕಿಟಕಿಯ ಕೆಳಗೆ, ಗೋಣಿಚೀಲದ ಮೇಲೆ ಸುರುಟಿಕೊಂಡು ಬಿದ್ದಿರುತ್ತಿತ್ತು. ಒಂದು ಬೆಳಿಗ್ಗೆ ನಾನು ರೈಲಿಗೆ ಹೊರಟವನು ಬಾಗಿಲಲ್ಲಿ ಇಣುಕಿದರೆ, ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನಾಯಿಗೆ ಸನ್ನೆ ಮಾಡುತ್ತಿದ್ದಾರೆ. ಐದು ಬೆರಳು ಸೇರಿಸಿ ಬಾಯಿಗೆ ತೋರಿಸುತ್ತಾರೆ: ಬಾ, ತಿನ್ನು. ನಾಯಿ ಮಲಗಿಯೇ ಇದೆ. ಮತ್ತೆ ಸನ್ನೆ. ಈ ಸಲ ಹುಬ್ಬು ಗಂಟಿಕ್ಕಿ.

ನಾನು ಒಳಗೆ ಹೋಗಿ ಅವರ ಕಿವಿಯ ಹತ್ತಿರ ಕೂಗಿದೆ. "ಅಕ್ಕಾ! ಅದಕ್ಕೆ ಕಣ್ಣಿಲ್ಲ!"

"ಗೊತ್ತು ಕಣಯ್ಯಾ! ನನ್ ಕೈ ಕೇಳಲ್ಲ!"

ಬಾಷಾ ತನ್ನ ಮಗ್ಗದ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಕ್ಕದ್ದು ಕೇಳಿಸಲಿಲ್ಲ, ಕಂಡಿತು. ಆಮೇಲೆ ದಾರಿ ತೋರಿಸಿದ್ದು ತಾನೇ ಎನ್ನುತ್ತಾನೆ. ಅಕ್ಕನಿಗೇ ಹೊಳೆದದ್ದು ಎಂದು ನನ್ನ ನೆನಪು. ಮಗ್ಗದ ಮನೆಯಲ್ಲಿ ಬೆನ್ನು ತಿರುಗಿಸಿ ನಿಂತವನನ್ನು ಕರೆಯಬೇಕಾದರೆ ನೆಲಕ್ಕೆ ಕಾಲು ಅಪ್ಪಳಿಸುತ್ತಾರೆ. ಕಲ್ಲುಚಪ್ಪಡಿಯ ಅದುರು ಅವನ ಅಂಗಾಲಿಗೆ ಮುಟ್ಟುತ್ತದೆ. ಅಕ್ಕ ಎರಡು ಸಲ ಅಪ್ಪಳಿಸಿದರು. ನಾಯಿ ತಲೆಯೆತ್ತಿತು. ಮತ್ತೆ ಎರಡು ಸಲ. ಅದು ಎದ್ದು, ಮೂಗು ಮುಂದೆ ಮಾಡಿ, ಒಂದೊಂದೇ ಕಾಲಿಟ್ಟು ಬಂದಿತು. ಆ ಬೆಳಿಗ್ಗೆ ನಾನು ರೈಲು ತಪ್ಪಿಸಿಕೊಂಡೆ.

ಆಮೇಲೆ ಅಕ್ಕನ ಉತ್ಸಾಹ ಮಿತಿಮೀರಿತು. ಚಪ್ಪಡಿ ಜಾರುತ್ತದೆ ಎಂದು, ನೇಯ್ಗೆಯಲ್ಲಿ ಕೆಟ್ಟು ಉಳಿದ ಡ್ಯಾಮೇಜ್ ಸೀರೆಗಳನ್ನು ಮಡಿಸಿ, ಗೋಣಿಚೀಲದಿಂದ ಅಡುಗೆಮನೆಯವರೆಗೆ, ಅಲ್ಲಿಂದ ಹಿತ್ತಲ ಬಾಗಿಲವರೆಗೆ ದಾರಿ ಹಾಸಿದರು. ಬೀದಿಯ ಹೆಂಗಸರು ನೋಡಲು ಬಂದರು.

"ಅಯ್ಯೋ, ನಮಗೆ ಉಡಕ್ಕಿಲ್ಲ ಇಂಥದ್ದು, ನಿನ್ ನಾಯಿ ಅದ್ರ ಮೇಲೆ ನಡೀತೈತಲ್ಲಕ್ಕ!"

"ನಿಂಗೂ ಹಾಸ್ತೀನಿ, ಕಣ್ಮುಚ್ಕೊಂಡ್ ಬಾ."

ಇನ್ನೊಂದು ತಮಾಷೆ ಎಲ್ಲರ ಬಾಯಲ್ಲಿತ್ತು. ಎರಡು ಮಗ್ಗಗಳ ನಡುವಿನ ಓಣಿಯಲ್ಲಿ ನಾಯಿ ಸಲೀಸಾಗಿ ಓಡಾಡುತ್ತಿತ್ತು, ಆದರೆ ಮಗ್ಗ ನಡೆಯುತ್ತಿರುವಾಗ ಮಾತ್ರ. ಕರೆಂಟ್ ಹೋದರೆ ಇದ್ದಲ್ಲೇ ಕೂತುಬಿಡುತ್ತಿತ್ತು. ಅಡುಗೆಮನೆಗೆ ಹೊರಟದ್ದು ಅರ್ಧ ದಾರಿಯಲ್ಲಿ ಕೂತು ಕಾಯುತ್ತಿತ್ತು. ಕರೆಂಟ್ ಬಂದು ಮಗ್ಗ ಶುರುವಾದರೆ ಎದ್ದು ಮುಂದುವರಿಯುತ್ತಿತ್ತು. ಬೆಳಿಗ್ಗೆ ಬಾಷಾ ಸ್ವಿಚ್ ಹಾಕುವವರೆಗೆ ಗೋಣಿಚೀಲ ಬಿಟ್ಟು ಏಳುತ್ತಲೇ ಇರಲಿಲ್ಲ. "ಮೋಟ್ರು ಫಿಟ್ ಮಾಡ್ಸೌಳೆ ಅಕ್ಕ" ಎಂದು ಎದುರುಮನೆಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗುವಾಗ ಯಾರೂ ಅದರ ಅರ್ಥ ನೋಡಲಿಲ್ಲ. ನಿಂತ ಮಗ್ಗ ಆ ನಾಯಿಗೆ ಕತ್ತಲೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಕೊನೆಯಲ್ಲಿ ಹೇಳಲು ನನಗೆ ಇಷ್ಟವಿಲ್ಲ. ನಾಯಿ ಅಕ್ಕನಿಗಿಂತ ಒಂದು ವರ್ಷ ಮೊದಲೇ ಸತ್ತಿತು, ವಯಸ್ಸಾಗಿ, ನಿದ್ದೆಯಲ್ಲಿ. ಅಕ್ಕ ಆವತ್ತು ಮಗ್ಗ ನಿಲ್ಲಿಸಲಿಲ್ಲ. ಗೋಡೆಯ ಈ ಕಡೆ ನಾನು ಕೇಳುತ್ತ ಕೂತಿದ್ದೆ. ಇದರಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಆರ್ಡರ್ ಇತ್ತು, ಸೀರೆ ಕೊಡಬೇಕಾಗಿತ್ತು ಎಂದು ಬಾಷಾ ಹೇಳುತ್ತಾನೆ. ಈಗ ಮತ್ತೆ ಆ ಹುಡುಗಿ ಬರುತ್ತೇನೆಂದಿದ್ದ ಹಬ್ಬಕ್ಕೆ ಬರೋಣ, ಆಗ ನಾಯಿ ಮೈತುಂಬಿಕೊಂಡು ಚೆನ್ನಾಗಿತ್ತು.

ಆಯುಧಪೂಜೆ ನಮ್ಮ ಬೀದಿಗೆ ವರ್ಷದ ಒಂದೇ ಮೌನ. ಹಿಂದಿನ ದಿನವೇ ಮಗ್ಗಗಳನ್ನು ನಿಲ್ಲಿಸಿ, ಧೂಳು ಹೊಡೆದು, ಎಣ್ಣೆ ಹಾಕಿ, ಒರೆಸಿ, ಬಾಳೆಕಂದು ಕಟ್ಟಿ, ಚೆಂಡುಹೂವಿನ ಸರ ಬಿಟ್ಟು, ಕುಂಕುಮ ಹಚ್ಚುತ್ತಾರೆ. ಪೂಜೆಯಾದ ಮೇಲೆ ಮಾರನೆಯ ದಿನದವರೆಗೆ ಅವನ್ನು ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನದ ವಿಶ್ರಾಂತಿ. ಆ ವರ್ಷ ಅಕ್ಕ ಅಷ್ಟಕ್ಕೇ ನಿಲ್ಲಲಿಲ್ಲ. ಹುಡುಗಿ ಬರುತ್ತಾಳಲ್ಲ, ಮನೆ ನೋಡಿ ಮುಖ ಸಿಂಡರಿಸಬಾರದು. ಸೀರೆಯ ದಾರಿಯನ್ನು ಪೂರ್ತಿ ಎತ್ತಿ ಒಗೆಯಲು ಹಾಕಿದರು. ಗೋಣಿಚೀಲ ಬಿಸಾಡಿದರು. ನೆಲಕ್ಕೆ ಎರಡೆರಡು ಸಲ ಫಿನಾಯಿಲ್ ಹಾಕಿ ತೊಳೆದರು. ನಾಯಿಯ ತಟ್ಟೆ ಇರುತ್ತಿದ್ದ ಜಾಗದಲ್ಲಿ ಕೋಸಂಬರಿಯ ಪಾತ್ರೆ ಇಟ್ಟು ಬಾಳೆಲೆ ಮುಚ್ಚಿದರು. ನಾಯಿಗೂ ಸ್ನಾನ ಮಾಡಿಸಿ, ಕುತ್ತಿಗೆಗೆ ಹೂವಿನ ಸರ ಹಾಕಿ, ಹಣೆಗೆ ಕುಂಕುಮ ಇಟ್ಟರು.

"ಇದೂ ಆಯುಧಾನಾ ಅಕ್ಕಾ?" ಎಂದ ಬಾಷಾ.

"ನೀನಾದ್ರೂ ಆಯುಧಾನಾ? ನಿಂಗೂ ಇಡ್ಲಿಲ್ವಾ?" ಎಂದರು ಅಕ್ಕ. ನಿಜ, ಅವನ ಹಣೆಯಲ್ಲೂ ಇತ್ತು.

ಹುಡುಗಿ ಮಧ್ಯಾಹ್ನ ಸ್ಕೂಟರಿನಲ್ಲಿ ಬಂದಳು. ಮನೆ ಥಳಥಳ ಹೊಳೆಯುತ್ತಿತ್ತು, ಮದುವೆ ಮನೆಯಂತೆ. ನಾಯಿ ಮಾತ್ರ ಬೀದಿಬಾಗಿಲ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ನಡುಗುತ್ತ ಕೂತಿತ್ತು. ಬೆಳಿಗ್ಗೆಯಿಂದ ಅಲ್ಲೇ. ಅಕ್ಕ ನೆಲಕ್ಕೆ ಕಾಲು ಅಪ್ಪಳಿಸಿದರು. ಅದು ಎದ್ದಿತು, ನಾಲ್ಕು ಹೆಜ್ಜೆ ಬಂದು, ಓಣಿಯ ಬಾಯಲ್ಲಿ ಕಟ್ಟಿದ ಬಾಳೆಕಂದಿಗೆ ಹಣೆ ಬಡಿದುಕೊಂಡು, ಹಿಂದಕ್ಕೆ ಸರಿದು, ಮೂಲೆಗೇ ಹೋಯಿತು.

ಹುಡುಗಿ ಅದರ ಪಕ್ಕ ಕೂತು ಬೆನ್ನು ಸವರಿದಳು. "ಆಂಟಿ, ನೀವ್ ಚೆನ್ನಾಗೇ ನೋಡ್ಕೊಂಡಿದೀರ, ಗೊತ್ತಾಗತ್ತೆ" ಎಂದಳು. "ಆದ್ರೆ ನೋಡಿ..."

"ಇವತ್ತೊಂದಿನ ಹಿಂಗೆ ಕಣಮ್ಮಾ. ದಿನಾ ಹಿಂಗಿರಲ್ಲ."

"ಎಲ್ಲಾರೂ ಹಂಗೇ ಹೇಳ್ತಾರೆ ಆಂಟಿ."

ಅಕ್ಕ ನನ್ನ ಕಡೆ ನೋಡಿದರು. ನೀನಾದರೂ ಹೇಳು ಎನ್ನುವ ನೋಟ. ನಾನು ಹೇಳಿದೆ, ಎದುರುಮನೆಯವರೂ ಬಂದು ಹೇಳಿದರು, ಬಾಷಾ ಆಣೆಯಿಟ್ಟು ಹೇಳಿದ. ಎಲ್ಲರೂ ಒಟ್ಟಿಗೆ ಹೇಳಿದ್ದರಿಂದ ನಾಯಿ ಇನ್ನಷ್ಟು ನಡುಗಿತು. ಹುಡುಗಿ ಬ್ಯಾಗಿನಿಂದ ಹಗ್ಗ ತೆಗೆದಳು.

ಅಕ್ಕ ಜಗಳವಾಡುತ್ತಾರೆ ಎಂದು ನಾವೆಲ್ಲ ಕಾದೆವು. ಆಡಲಿಲ್ಲ. ಅವರ ಕೈಗಳು ಏನನ್ನೋ ಹೇಳಲು ಹೊರಟು, ಗಾಳಿಯಲ್ಲಿ ಅರ್ಧಕ್ಕೆ ನಿಂತು, ಇಳಿದವು. ಆ ಸನ್ನೆಯೊಂದು ನನಗೆ ಅರ್ಥವಾಗಲಿಲ್ಲ. ಬಾಷಾನಿಗೂ ಆಗಲಿಲ್ಲವಂತೆ. ಆಮೇಲೆ ಅವರು ತಟಕ್ಕನೆ ನೆಟ್ಟಗೆ ನಿಂತು, "ಲೇ ಬಾಷಾ, ಮಗ್ಗ ಹಾಕು" ಎಂದರು.

"ಅಕ್ಕಾ?"

"ಹಾಕೋ!"

"ಪೂಜೆ ಆಗೈತಲ್ಲಕ್ಕಾ. ಇವತ್ತು ಮುಟ್ಬಾರ್ದು. ಅಮ್ಮನೋರು ಏನಂದ್ಕೊಳಲ್ಲ?" ನಮಾಜಿಗೆ ಹೋಗುವ ಬಾಷಾ ನೇಕಾರರ ಕುಲದೇವತೆ ಚೌಡೇಶ್ವರಿಯ ಪರವಾಗಿ ವಾದ ಮಾಡಿದ. ಎದುರುಮನೆಯವರು ಕೆನ್ನೆ ಬಡಿದುಕೊಂಡರು.

ಅಕ್ಕನೇ ಹೋಗಿ ಸ್ವಿಚ್ ಹಾಕಿದರು. ಮೊದಲು ಹಳೆಯ ಮಗ್ಗ, ಆಮೇಲೆ ಇನ್ನೊಂದು. ಚೆಂಡುಹೂವಿನ ಸರ ಕಿತ್ತು ಹಾರಿತು. ಎಸಳುಗಳು ಮಗ್ಗದ ಹಾಸುನೂಲಿನ ಮೇಲೆ ಬಿದ್ದು ನೇಯ್ಗೆಯೊಳಗೆ ಸೇರಿಹೋದವು. ಕುಂಕುಮ ಅದುರಿ ಉದುರಿತು. ಊರಿಗೆ ಊರೇ ನಿಶ್ಶಬ್ದವಾಗಿದ್ದ ಆ ಮಧ್ಯಾಹ್ನ ಆ ಸದ್ದು ಎಷ್ಟು ದೂರ ಹೋಯಿತೋ, ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

ಇಲ್ಲಿಂದ ಮುಂದೆ ಎರಡು ಪಾಠಾಂತರಗಳಿವೆ. ನಾಯಿ ಸದ್ದು ಕೇಳಿದ ಕೂಡಲೇ ಎದ್ದು ನೇರ ಓಣಿಗೆ ನಡೆಯಿತು ಎಂದು ನನ್ನದು. ಮೊದಲು ಬಾಳೆಕಂದಿನ ಬುಡಕ್ಕೆ ಕಾಲೆತ್ತಿತು, ಆಮೇಲೆ ನಡೆಯಿತು ಎಂದು ಬಾಷಾನದು. ನನ್ನದು ಓದಲು ಚೆನ್ನಾಗಿದೆ, ಆದ್ದರಿಂದ ಬಾಷಾನದೇ ನಿಜವಿರಬೇಕು. ಅದು ಮಗ್ಗದ ಮರಕ್ಕೆ ಭುಜ ಸವರುತ್ತ, ಎಲ್ಲೂ ತಡವರಿಸದೆ, ಬಾಲ ಮೇಲೆತ್ತಿ ಅಡುಗೆಮನೆಗೆ ಹೋಯಿತು. ತಟ್ಟೆಯ ಜಾಗದಲ್ಲಿ ಮೂಗಿಟ್ಟಿತು. ಬಾಳೆಲೆ ಸರಿಸಿ ದೇವರಿಗೆ ನೈವೇದ್ಯವಾದ ಕೋಸಂಬರಿಯನ್ನು ಚಪ್ಪರಿಸಿ ತಿನ್ನತೊಡಗಿತು. ಯಾರೂ ತಡೆಯಲಿಲ್ಲ. ತಿಂದು, ಮತ್ತೆ ಅದೇ ದಾರಿಯಲ್ಲಿ ಬಂದು, ಗೋಣಿಚೀಲ ಇರುತ್ತಿದ್ದ ಬರಿನೆಲದ ಮೇಲೆ ಮೂರು ಸುತ್ತು ಸುತ್ತಿ ಮಲಗಿತು.

ಹುಡುಗಿ ಕಿವಿ ಮುಚ್ಚಿಕೊಳ್ಳಲಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ನಿಂತೇ ಇದ್ದಳು. ಏನೋ ಅಂದಳು, ಸದ್ದಿನಲ್ಲಿ ನಮಗಾರಿಗೂ ಕೇಳಲಿಲ್ಲ. ಕೊನೆಗೆ ಹಗ್ಗವನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

ಅವಳು ಎರಡು ಹೋಳಿಗೆ ತಿಂದು, ಕಡಲೆಪುರಿ ಕಟ್ಟಿಸಿಕೊಂಡು ಹೊರಟ ಮೇಲೆ ಅಕ್ಕ ಮಗ್ಗ ನಿಲ್ಲಿಸಿದರು. ಬಾಗಿಲಲ್ಲಿ ಅರ್ಧ ಬೀದಿ ನಿಂತಿತ್ತು. ಮಗ್ಗದವರಲ್ಲೆಲ್ಲ ಹಿರಿಯರಾದ ಒಬ್ಬರು ಕೋಲೂರಿಕೊಂಡು ಬಂದು, "ಏನವ್ವಾ ಇದು? ಪೂಜೆ ಆದ ಮಗ್ಗಾನ ಓಡ್ಸಿದ್ದೀಯಂತೆ? ನಮ್ ಕಾಲದಿಂದ್ಲೂ ಹಿಂಗಾಗಿಲ್ಲ" ಎಂದರು.

"ಹೂಂ, ಓಡಿಸ್ದೆ. ತಪ್ಪೇ."

"ಅಮ್ಮನೋರಿಗೆ ಏನ್ ಹೇಳ್ತೀಯಾ?"

"ನಾನೇ ಹೇಳ್ಕೋತೀನಿ, ನೀವ್ ನಡೀರಿ."

ಅಕ್ಕ ಕಾಲು ತೊಳೆದು ಬಂದು ಚೌಡೇಶ್ವರಿಯ ಪಟದ ಮುಂದೆ ಕೂತರು. ಅರಿಶಿನದ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯ ಗಂಟು ಹಾಕಿ, ತಪ್ಪುಕಾಣಿಕೆ ಎಂದು ಪಟದ ಬುಡಕ್ಕಿಟ್ಟು, ಗಲ್ಲ ಗಲ್ಲ ಬಡಿದುಕೊಂಡು, ಹಣೆ ನೆಲಕ್ಕೆ ತಾಗಿಸಿದರು. ಎದ್ದರು. ಎರಡು ಹೆಜ್ಜೆ ಹೋದವರು ಯಾಕೋ ನಿಂತು, ವಾಪಸು ಬಂದು, ಸೆರಗಿನಿಂದ ಇನ್ನೊಂದು ನಾಣ್ಯ ಬಿಚ್ಚಿ ಅದರ ಪಕ್ಕ ಇಟ್ಟರು.

"ಇದ್ಯಾಕಕ್ಕಾ?" ಎಂದೆ.

"ಮುಂದಿನ್ ವರ್ಷಾನೂ ಅವ್ಳು ಹಬ್ಬದ ದಿನಾನೇ ಬಂದ್ರೆ?"